ಶಾಲೆ ನೋಡಿ ಮನೆ ಕೊಂಡವರಿಗೆ: ನ್ಯೂಜೆರ್ಸಿಯ ಸ್ಕೂಲ್ ಬೋರ್ಡಿನ ಬಗ್ಗೆ ಒಂದಿಷ್ಟು

ನ್ಯೂಜೆರ್ಸಿಗೆ ಹೊಸದಾಗಿ ಬಂದ ಕನ್ನಡದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಒಳ್ಳೆಯ ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಅಂತ. ಎರಡನೆಯದು, ಯಾವ ಊರಿನ ಸ್ಕೂಲು ಚೆನ್ನಾಗಿದೆ ಅಂತ. ಮೊದಲನೆಯದಕ್ಕೆ ಉತ್ತರ ಸುಲಭ, ಓಕ್ ಟ್ರೀ ರೋಡಿಗೆ ಹೋಗಿ. ಎರಡನೆಯದಕ್ಕೆ ಹಿಂದೆಲ್ಲ ಥಟ್ಟನೆ ನಾಲ್ಕು ಊರಿನ ಹೆಸರು ಹೇಳುತ್ತಿದ್ದೆ. ಈಗ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ನೀವು ನೋಡಿರುವ ಮನೆಯಿಂದ ಶಾಲೆಗೆ ಎಷ್ಟು ಮೈಲಿ?

ನಮ್ಮ ಮನೆಯಿಂದ 1.7 ಮೈಲಿ. 2012ರಲ್ಲಿ ಕೊಂಡೆವು. ಅಡುಗೆಮನೆಗೆ ಬೆಳಕು ಸಾಲದು ಅಂತ ನನ್ನ ಹೆಂಡತಿ ಅಂದಳು, ಬೇಸ್‌ಮೆಂಟಿನಲ್ಲಿ ನೀರು ಜಿನುಗಿದ ಗುರುತಿತ್ತು. ನಾನು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಗೆ ಹತ್ತಕ್ಕೆ ಒಂಬತ್ತು ರೇಟಿಂಗ್ ಇತ್ತು, ಮನೆ ಮುಂದೆಯೇ ಹಳದಿ ಬಸ್ ನಿಲ್ಲುತ್ತಿತ್ತು. ಇನ್ನೇನು ಬೇಕು?

ಮಗಳು ಎರಡನೇ ಕ್ಲಾಸಿಗೆ ಹೋಗುವ ಮುಂಚಿನ ಜೂನ್‌ನಲ್ಲಿ ಒಂದು ಕಾಗದ ಬಂತು. ಸೆಪ್ಟೆಂಬರಿನಿಂದ ನಿಮ್ಮ ಬೀದಿಗೆ ಬಸ್ ಇಲ್ಲ. ಆಮೇಲೆ ತಿಳಿದದ್ದು ಏನೆಂದರೆ, ಈ ರಾಜ್ಯದ ಕಾನೂನಿನ ಪ್ರಕಾರ ಎಂಟನೇ ಕ್ಲಾಸಿನವರೆಗಿನ ಮಕ್ಕಳಿಗೆ ಮನೆಯಿಂದ ಶಾಲೆ 2 ಮೈಲಿಗಿಂತ ದೂರವಿದ್ದರೆ ಮಾತ್ರ ಬಸ್ ಕೊಡಲೇಬೇಕು. ಹೈಸ್ಕೂಲಿಗೆ ಎರಡೂವರೆ ಮೈಲಿ. ಅದಕ್ಕಿಂತ ಹತ್ತಿರದವರಿಗೆ ಕೊಡುವ ಬಸ್ಸಿಗೆ ‘ಕರ್ಟೆಸಿ ಬಸ್’ ಅನ್ನುತ್ತಾರೆ. ಅಂದರೆ ಸೌಜನ್ಯದ ಬಸ್ಸು. ಕೈಯಲ್ಲಿ ಕಾಸು ಕಡಿಮೆಯಾದಾಗ ಎಲ್ಲ ಕಡೆಯೂ ಮೊದಲು ಹೋಗುವುದು ಸೌಜನ್ಯವೇ ಅಲ್ವಾ? 0.3 ಮೈಲಿ ಹತ್ತಿರ ಇದ್ದದ್ದಕ್ಕೆ ನಮಗೆ ಶಿಕ್ಷೆ. ನಡೆದು ಹೋಗಲು ಅರ್ಧ ದಾರಿ ಫುಟ್‌ಪಾತೇ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕಪಕ್ಕದ ಮೂರು ಮನೆಯವರನ್ನು ಕಟ್ಟಿಕೊಂಡು, ಜೀವನದಲ್ಲಿ ಮೊದಲ ಸಲ ಸ್ಕೂಲ್ ಬೋರ್ಡ್, ಅಂದರೆ ಊರಿನ ಶಾಲೆಗಳ ಆಡಳಿತ ಮಂಡಳಿಯ ಮೀಟಿಂಗಿಗೆ ಹೋದೆ. ಅಲ್ಲಿ ಸಾರ್ವಜನಿಕರು ಎದ್ದು ಮಾತಾಡಲು ‘ಪಬ್ಲಿಕ್ ಕಾಮೆಂಟ್’ ಅಂತ ಸಮಯ ಇಟ್ಟಿರುತ್ತಾರೆ. ನಮ್ಮಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ನಾನು ಮೈಕಿನ ಮುಂದೆ ನಿಂತು, ನಮ್ಮ ಕಡೆಯ ಸಭೆಗಳಲ್ಲಿ ಮಾಡುವ ಹಾಗೆ, ಅಧ್ಯಕ್ಷರಿಂದ ಶುರು ಮಾಡಿ ಒಬ್ಬೊಬ್ಬರಿಗೂ ವಂದನೆ ಹೇಳಿದೆ. ಆಮೇಲೆ ನಾನು ಯಾರು, ಎಲ್ಲಿ ಕೆಲಸ, ಎಷ್ಟು ವರ್ಷದ ಅನುಭವ, ನಮ್ಮ ಸಂಸ್ಕೃತಿಯಲ್ಲಿ ವಿದ್ಯೆಗೆ ಎಂಥ ಸ್ಥಾನ, ಎಲ್ಲ ಹೇಳಿದೆ. ಸರಸ್ವತಿಯ ಹೆಸರೂ ಬಂತು. ಬಸ್ಸಿನ ಹೆಸರು ಬರುವ ಮೊದಲೇ ಗಂಟೆ ಹೊಡೆಯಿತು. “ಥ್ಯಾಂಕ್ ಯೂ ಸರ್, ನೆಕ್ಸ್ಟ್.”

ಕೂತ ಮೇಲೂ ಬೋರ್ಡಿನವರು ಉತ್ತರ ಕೊಡಲಿಲ್ಲ. ಅದನ್ನು ಅವಮಾನ ಅಂದುಕೊಂಡೆ. ಅದು ಅಲ್ಲಿನ ರೀತಿ, ಹೆಚ್ಚಿನ ಕಡೆ ಸುಮ್ನೆ ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ನಿಜವಾದ ಪೆಟ್ಟು ಬಿದ್ದದ್ದು ಹೊರಗೆ, ಪಾರ್ಕಿಂಗ್ ಲಾಟಿನಲ್ಲಿ. ವಯಸ್ಸಾದ ಒಬ್ಬ ಅಮೆರಿಕನ್ ಹೆಂಗಸು ನನ್ನ ಹತ್ತಿರ ಬಂದು ಕೇಳಿದರು: “ನೀವು ಏಪ್ರಿಲ್‌ನಲ್ಲಿ ಯಾಕೆ ಬರಲಿಲ್ಲ?”

ಬಜೆಟ್ಟಿನ ಕರಡು ಮಾರ್ಚ್‌ನಲ್ಲಿ ಬರುತ್ತದೆ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಸಾರ್ವಜನಿಕ ವಿಚಾರಣೆ ನಡೆದು ಪಾಸಾಗಿರುತ್ತದೆ. ಬಸ್ಸು ಹೋದದ್ದು ಆಗ. ನಾನು ಜೂನ್‌ನಲ್ಲಿ ಹೋದದ್ದು ಮದುವೆ ಮುಗಿದ ಮೇಲೆ ಜಾತಕ ಹಿಡಿದುಕೊಂಡು ಹೋದ ಹಾಗೆ. ಬಜೆಟ್ ವಿಚಾರಣೆಗೆ ಎಷ್ಟು ಜನ ಬಂದಿದ್ದರು ಅಂತ ಕೇಳಿದೆ. ಆಕೆ ಕೈ ಬೆರಳು ತೋರಿಸಿದರು. ಎರಡು ಕೈಯೂ ಬೇಕಾಗಲಿಲ್ಲ.

ಇನ್ನೊಂದು ಮಾತು ಅವರಿಂದಲೇ ಗೊತ್ತಾಯಿತು. ಹಿಂದೆ ಸ್ಕೂಲ್ ಬೋರ್ಡ್ ಚುನಾವಣೆ ಏಪ್ರಿಲ್‌ನಲ್ಲಿ ನಡೆಯುತ್ತಿತ್ತು, ಜನ ಶಾಲೆಯ ಬಜೆಟ್ಟಿಗೇ ನೇರವಾಗಿ ಹೌದು ಅಲ್ಲ ಅಂತ ಓಟು ಹಾಕುತ್ತಿದ್ದರು. 2012ರ ಜನವರಿಯಲ್ಲಿ ಬಂದ ಕಾನೂನು, ಚುನಾವಣೆಯನ್ನು ನವೆಂಬರಿಗೆ ಸರಿಸಲು ದಾರಿ ಮಾಡಿತು. ಹಾಗೆ ಸರಿಸಿದ ಊರಿನಲ್ಲಿ ಶಾಲಾ ತೆರಿಗೆಯ ಏರಿಕೆ ರಾಜ್ಯದ 2 ಶೇಕಡಾ ಮಿತಿಯೊಳಗಿದ್ದರೆ ಬಜೆಟ್ಟಿಗೆ ಓಟು ಬೇಕಿಲ್ಲ. ಬಹುಪಾಲು ಊರುಗಳು ಸರಿಸಿದವು. ಹಾಗಾಗಿ ಈಗ ಬಜೆಟ್ ಬಗ್ಗೆ ನಿಮ್ಮ ಮಾತು ಕೇಳುವ ಜಾಗ ಅಂದರೆ ಆ ವಸಂತದ ಬೇಸರದ ಸಂಜೆಗಳೇ. ಆಕಳಿಕೆ ಬರುತ್ತದೆ. ಹೋಗಿ.

ದುಡ್ಡು ಯಾರದ್ದು ಅಂತೀರಾ? ನಿಮ್ಮದು. ಈ ರಾಜ್ಯದ ಸರಾಸರಿ ಪ್ರಾಪರ್ಟಿ ಟ್ಯಾಕ್ಸ್ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ಶಾಲೆಗೆ. ಬಾಡಿಗೆ ಮನೆಯಲ್ಲಿದ್ದೇವೆ ಅನ್ನಬೇಡಿ, ಮಾಲೀಕ ಅದನ್ನು ತನ್ನ ಜೇಬಿನಿಂದ ಕಟ್ಟುವುದಿಲ್ಲ. ನಾವು ಏನು ಮಾಡುತ್ತೇವೆ ಅಂದರೆ, ಮನೆಯ ಜೊತೆ ಶಾಲೆಯನ್ನೂ ಕೊಂಡೆವು ಅಂದುಕೊಳ್ಳುತ್ತೇವೆ. ಫ್ರಿಜ್ಜು, ವಾಷರ್ ಇದ್ದ ಹಾಗೆ. ಅದು ಕೆಟ್ಟಾಗ ಮಾತ್ರ ಅದರ ಕಡೆ ತಿರುಗಿ ನೋಡುವುದು.

ಶಾಲೆಗೆ ಸೇರಿಸುವ ಕಾಗದಪತ್ರದ ತಲೆಬಿಸಿ ಬೇಡ: ಜನನ ಪತ್ರ, ಲಸಿಕೆ ಪಟ್ಟಿ, ವಿಳಾಸಕ್ಕೆ ಲೀಸ್ ಅಥವಾ ಕರೆಂಟ್ ಬಿಲ್, ಅಷ್ಟೇ. ಟಿಬಿ ಪರೀಕ್ಷೆ ಕೇಳಬಹುದು. ಯಾವ ವೀಸಾ ಅನ್ನುವುದರ ಮೇಲೆ ಸೀಟು ನಿಂತಿಲ್ಲ. 1982ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಇತ್ಯರ್ಥ ಮಾಡಿದೆ.

ಬೋರ್ಡು ಅಂದರೆ ಯಾರು? ಸಾಮಾನ್ಯವಾಗಿ ಒಂಬತ್ತು ಜನ. ಮೂರು ವರ್ಷದ ಅವಧಿ, ಪ್ರತಿ ವರ್ಷ ಮೂರು ಸೀಟಿಗೆ ಚುನಾವಣೆ. ಕೆಲವು ಊರಲ್ಲಿ ಮಾತ್ರ ಮೇಯರ್ ನೇಮಿಸುತ್ತಾರೆ. ಸಂಬಳ ಇಲ್ಲ, ಪಕ್ಷದ ಚಿಹ್ನೆ ಇಲ್ಲ. ನಿಲ್ಲಲು ಬೇಕಾದದ್ದು ಪೌರತ್ವ, ಆ ಊರಲ್ಲಿ ಒಂದು ವರ್ಷದ ವಾಸ, ಮತದಾರರ ಪಟ್ಟಿಯಲ್ಲಿ ಹೆಸರು, ಒಂದಿಷ್ಟು ಮತದಾರರ ಸಹಿ. ಅಷ್ಟೇ! ನಮ್ಮ ಕಡೆ ಅಪಾರ್ಟ್‌ಮೆಂಟಿನ ಗಣೇಶನಿಗೆ ಚಂದಾ ಎತ್ತುವುದು ಇದಕ್ಕಿಂತ ಕಷ್ಟ. ಈ ಒಂಬತ್ತು ಜನ ಊರಿನ ಶಾಲೆಗಳ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತಾರೆ, ಬಜೆಟ್, ಪಠ್ಯಕ್ರಮ, ರಜೆಯ ಕ್ಯಾಲೆಂಡರ್ ಒಪ್ಪುತ್ತಾರೆ. ನಿಮ್ಮ ಮಗನಿಗೆ ಗಣಿತದಲ್ಲಿ ಬಿ ಯಾಕೆ ಬಂತು ಅಂತ ಇವರನ್ನು ಕೇಳಬೇಡಿ. ಅದಕ್ಕೆ ಮೊದಲು ಟೀಚರು, ಆಮೇಲೆ ಪ್ರಿನ್ಸಿಪಾಲರು. ಹಾಗೆಯೇ ಪ್ರಿನ್ಸಿಪಾಲರ ಕೊಠಡಿಗೆ ಮೈಸೂರು ಪಾಕಿನ ಡಬ್ಬ ಹಿಡಿದು ‘ನಮ್ಮ ಹುಡುಗಿಯನ್ನು ಸ್ವಲ್ಪ ನೋಡಿಕೊಳ್ಳಿ’ ಅನ್ನಬೇಡಿ. ನಾನು ಅಂದಿದ್ದೆ. ಆಕೆ ನಗುತ್ತಲೇ ಡಬ್ಬವನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಡಿಸಿದರು, ಎಲ್ಲರಿಗೂ ಅಂತ ಚೀಟಿ ಅಂಟಿಸಿ.

ಈಗ ಬಹಳ ಮುಖ್ಯವಾದದ್ದು. ಎಚ್-1ಬಿ ಇರಲಿ, ಗ್ರೀನ್ ಕಾರ್ಡೇ ಇರಲಿ, ಪೌರತ್ವ ಬರುವ ತನಕ ಈ ಚುನಾವಣೆಯಲ್ಲಿ ಓಟು ಹಾಕುವ ಹಾಗಿಲ್ಲ. 2018ರಿಂದ ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ನೋಂದಣಿಯೂ ಆಗಿಬಿಡುವ ಏರ್ಪಾಡಿದೆ. ಕೌಂಟರಿನಲ್ಲಿ ಕೇಳಿದ್ದಕ್ಕೆಲ್ಲ ಯೆಸ್ ಯೆಸ್ ಅನ್ನುವ ನಮ್ಮ ಅಭ್ಯಾಸ ಇಲ್ಲಿ ಅಪಾಯ. ಪೌರರಾ ಅಂದರೆ ‘ಅಲ್ಲ’ ಅನ್ನಿ, ಸಹಿ ಹಾಕುವ ಮೊದಲು ಓದಿ. ತಪ್ಪಿ ಪಟ್ಟಿಗೆ ಸೇರಿ ಓಟು ಹಾಕಿದರೆ ದೇಶ ಬಿಡುವ ತನಕ ಹೋಗಬಹುದು. ಆದರೆ ಮೀಟಿಂಗಿಗೆ ಹೋಗಲು, ಮೈಕಿನ ಮುಂದೆ ನಿಲ್ಲಲು ಪೌರತ್ವ ಬೇಡ. ನನಗೆ ಗ್ರೀನ್ ಕಾರ್ಡ್ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಎಂಟು ಬಜೆಟ್ ನೋಡಿದ್ದೆ.

ಹೋಗಿ ಏನು ಗಿಟ್ಟಿತು ಅಂದರೆ, ನಮ್ಮ ಬಸ್ಸು ವಾಪಸ್ ಬರಲಿಲ್ಲ. ಎರಡು ವರ್ಷದ ನಂತರ ದುಡ್ಡು ಕೊಟ್ಟು ಹತ್ತುವ ಬಸ್ ಬಂತು. ಫುಟ್‌ಪಾತ್ ಬಂತು, ಅದೂ ಟೌನ್‌ಶಿಪ್ಪಿನವರನ್ನು ಬೇರೆ ಕಾಡಿದ ಮೇಲೆ.

ಎಡಿಸನ್, ಸೌತ್ ಬ್ರನ್ಸ್‌ವಿಕ್ ಕಡೆ ದೀಪಾವಳಿಗೆ ಶಾಲೆಗೆ ರಜೆ ಇರುವುದನ್ನು ನೋಡಿ ಹೊಸಬರು ಖುಷಿಪಡುತ್ತಾರೆ. ಅದು ತಾನಾಗಿ ಬಂದದ್ದಲ್ಲ, ಬೋರ್ಡಿನವರು ಒಪ್ಪಿ ಕ್ಯಾಲೆಂಡರಿಗೆ ಸೇರಿಸಿದ್ದು. ಆ ರಜೆ ಅಮಾವಾಸ್ಯೆಗೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿಸಿ ಏಳಕ್ಕೆ ಶಾಲೆಗೆ ಕಳಿಸುವುದು ಹೇಗೆ ಹೇಳಿ? ನೀರು ತುಂಬುವ ಹಬ್ಬ ನಮ್ಮ ಮನೆಯಲ್ಲಿ ಯಾವಾಗ ನಿಂತಿತು ಅಂತ ನೆನಪೇ ಇಲ್ಲ. ಮಗಳ ಪಾಲಿಗೆ ಅದು ಒಂದು ದಿನದ ‘ದಿವಾಲಿ’. ಅವಳ ಅಜ್ಜಿ ಫೋನಿನಲ್ಲಿ ‘ದಿವಾಳಿ ಏಳುವುದು ಶತ್ರುಗೂ ಬೇಡ ಕಂದಾ, ದೀಪಾವಳಿ ಅನ್ನು’ ಅಂತ ಪ್ರತಿ ವರ್ಷ ತಿದ್ದುತ್ತಾರೆ.

ಎಲ್ಲವೂ ಹಬ್ಬವಲ್ಲ. 2017ರಲ್ಲಿ ಎಡಿಸನ್ನಿನ ಬೋರ್ಡಿಗೆ ಒಬ್ಬ ಭಾರತೀಯ ಮೂಲದ ಹೆಂಗಸು, ಒಬ್ಬ ಚೀನಾ ಮೂಲದ ಗಂಡಸು ನಿಂತಿದ್ದರು. ಅವರಿಬ್ಬರ ಫೋಟೊದ ಮೇಲೆ ‘ಗಡಿಪಾರು’ ಅಂತ ಮುದ್ರೆ ಒತ್ತಿದ ಕರಪತ್ರ ಮನೆಮನೆಗೆ ಅಂಚೆಯಲ್ಲಿ ಬಂತು. ಕ್ರಿಕೆಟ್ ಮೈದಾನವೂ ಅದರಲ್ಲಿ ಒಂದು ಅಪರಾಧ. ಇಬ್ಬರೂ ಗೆದ್ದರು.

ಅದಕ್ಕೂ ಎರಡು ವರ್ಷ ಮೊದಲು ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೊದಲ್ಲಿ ನಡೆದದ್ದು ನನ್ನನ್ನು ಜಾಸ್ತಿ ಕಾಡಿದೆ. ಮಕ್ಕಳ ಮೇಲೆ ಒತ್ತಡ ಮಿತಿ ಮೀರಿದೆ ಅಂತ ಅಲ್ಲಿನ ಸೂಪರಿಂಟೆಂಡೆಂಟರು ಪೋಷಕರಿಗೆ 16 ಪುಟದ ಪತ್ರ ಬರೆದರು. ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆದರು. ಊರು ಎರಡಾಯಿತು. ಬಿಳಿಯ ಪೋಷಕರಲ್ಲಿ ಬಹಳ ಜನ ಒಂದು ಕಡೆ, ನಮ್ಮವರೂ ಚೀನಾದವರೂ ಹೆಚ್ಚಾಗಿ ಇನ್ನೊಂದು ಕಡೆ. ನಮ್ಮ ಕನ್ನಡ ಸಂಘದ ಊಟದ ಸಾಲಿನಲ್ಲಿ ಹೋಳಿಗೆ ಬರುವ ತನಕ ನಾನು ಇದರ ಮೇಲೆ ಭಾಷಣ ಬಿಗಿದಿದ್ದೆ: ನಾವು ಪರೀಕ್ಷೆ ಬರೆದೇ ಇಲ್ಲಿಗೆ ಬಂದವರು, ಇವರು ಏಣಿ ಎಳೆದುಕೊಳ್ಳುತ್ತಿದ್ದಾರೆ ಅಂತ. ಆಗ ಮಗಳಿಗೆ ಎಂಟು ವರ್ಷ. ಅವಳು ಹತ್ತನೇ ಕ್ಲಾಸಿನಲ್ಲಿ ರಾತ್ರಿ ಒಂದಕ್ಕೆ ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಾಗ ಆ 16 ಪುಟ ಹುಡುಕಿ ಓದಿದೆ. ಪೂರ್ತಿ ಒಪ್ಪಿದೆ ಅಂತಲ್ಲ. ಮೊದಲೇ ಓದಬೇಕಿತ್ತು.

ನನ್ನಪ್ಪ ಚನ್ನರಾಯಪಟ್ಟಣದ ಹತ್ತಿರ ಸರ್ಕಾರಿ ಶಾಲೆಯ ಮೇಷ್ಟ್ರು. ನನ್ನನ್ನು ಮಾತ್ರ ಕಾನ್ವೆಂಟಿಗೆ ಹಾಕಿದರು. ಇಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಸರ್ಕಾರಿ ಶಾಲೆಯೇ ಕಣಪ್ಪ ಅಂತ ಅಂದಾಗ ಅವರು ಬಹಳ ಹೊತ್ತು ನಕ್ಕರು. “ಸರ್ಕಾರಿ ಶಾಲೆಗೆ ಸೇರಿಸಲು ಸಾಲ ಮಾಡಿ ಮನೆ ಕೊಂಡೆಯಾ?” ಅವರು ನಿವೃತ್ತರಾಗುವ ಮುಂಚಿನ ವರ್ಷಗಳಲ್ಲಿ ಎಸ್‌ಡಿಎಂಸಿ, ಅಂದರೆ ಪೋಷಕರ ಶಾಲಾ ಉಸ್ತುವಾರಿ ಸಮಿತಿ ಬಂದಿತ್ತು. ಕೂಲಿಗೆ ಹೋಗುವ ತಾಯಂದಿರು ಸಂಜೆ ಬಂದು, ಬಿಸಿಯೂಟದ ಬೇಳೆ ಯಾಕೆ ನೀರಾಗಿದೆ ಮೇಷ್ಟ್ರೇ ಅಂತ ಕೇಳುತ್ತಿದ್ದರಂತೆ. ಅವರು ಸ್ವಪರಿಚಯ ಹೇಳಿಕೊಳ್ಳುತ್ತಿರಲಿಲ್ಲ. ಬೇಳೆಯಿಂದಲೇ ಶುರು.

ಕಳೆದ ನವೆಂಬರಿನಲ್ಲಿ, ಅಂದರೆ 2025ರಲ್ಲಿ, ಮಗಳು ಮೊದಲ ಸಲ ಓಟು ಹಾಕಿದಳು. ನಮ್ಮ ಮನೆಯಲ್ಲಿ ಓಟಿರುವುದು ಅವಳೊಬ್ಬಳಿಗೇ, ಇಲ್ಲಿ ಹುಟ್ಟಿದವಳು. ಮತಗಟ್ಟೆ ಅವಳ ಹಳೆಯ ಶಾಲೆಯ ಜಿಮ್. ನಾನು ಕಾರಿನಲ್ಲಿ ಕೂತು ಕಾದೆ. ಗವರ್ನರ್ ಹೆಸರಿಗೆ ಮಾತ್ರ ಗುರುತು ಹಾಕಿ ಬರಬೇಡ, ಬ್ಯಾಲೆಟ್ಟಿನ ಕೊನೆಯ ತನಕ ಹೋಗು, ಸ್ಕೂಲ್ ಬೋರ್ಡಿಗೆ ಮೂವರನ್ನು ಆರಿಸಬಹುದು ಅಂತ ದಾರಿಯುದ್ದಕ್ಕೂ ಹೇಳಿದ್ದೆ.

ಕೋಟಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಬಂದಳು.

“ಮೂವರಿಗೂ ಹಾಕಿದೆಯಾ?”

“ಇಬ್ಬರಿಗೆ ಹಾಕಿದೆ ಅಪ್ಪ. ಮೂರನೆಯವರು ಯಾರೂ ಗೊತ್ತಿರಲಿಲ್ಲ, ಖಾಲಿ ಬಿಟ್ಟೆ.”

ಉಳಿದವರಲ್ಲಿ ಯಾರು ಬಜೆಟ್ ಸಭೆಗೆ ಬರುತ್ತಾರೆ, ಯಾರು ಬರುವುದಿಲ್ಲ ಅಂತ 1.7 ಮೈಲಿ ಪೂರ್ತಿ ವಿವರಿಸಿದೆ. ಅವಳು ಕಿಟಕಿಯಿಂದ ಫುಟ್‌ಪಾತ್ ನೋಡುತ್ತಾ, ಹಾಡಿನ ಸೌಂಡ್ ಸ್ವಲ್ಪ ಜಾಸ್ತಿ ಮಾಡಿದಳು.