ಪಿಚಿಂಗ್ ನಿಲ್ಲಿಸಿ ಹೊಡೆತ ಕಲಿಸಿದೆ: ಸಾಫ್ಟ್‌ಬಾಲ್ ಮೈದಾನದಿಂದ ನನ್ನ ಅನುಭವ

ನನ್ನ ತಂಡದ ಹುಡುಗಿಯೊಬ್ಬಳಿಗೆ ಎರಡು ತಿಂಗಳು ಯಾರೂ ಚೆಂಡು ಎಸೆಯಬಾರದು ಎಂದು ನಾನು ಹೇಳಿದಾಗ ದಾವಣಗೆರೆಯ ನನ್ನ ಜೊತೆಯ ದೈಹಿಕ ಶಿಕ್ಷಕರಲ್ಲಿ ಒಬ್ಬರೂ ಒಪ್ಪಲಿಲ್ಲ. ಬರುವ ಚೆಂಡನ್ನು ಎದುರಿಸದೆ ಹೊಡೆತ ಎಲ್ಲಿಂದ ಬರಬೇಕು ಎಂಬುದೇ ಎಲ್ಲರ ಮಾತು. ಎಂಟನೇ ತರಗತಿಯ ಅದೇ ಹುಡುಗಿ ಈ ಸಲ ವಿಭಾಗ ಮಟ್ಟದಲ್ಲಿ ಶಾರ್ಟ್‌ಸ್ಟಾಪ್ ಸ್ಥಾನದ ಫೀಲ್ಡರ್ ತಲೆಯ ಮೇಲಿಂದ ಸೀಳಿದಂತೆ ಹೊಡೆದ ಮೇಲೆ ಅವರೇ ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ನಮ್ಮ ಕಡೆಯ ಮಕ್ಕಳು ಗಲ್ಲಿ ಕ್ರಿಕೆಟ್‌ನಿಂದ ಬರುತ್ತಾರೆ. ಅವರ ಕಣ್ಣು ಚೆಂಡು ಪುಟಿಯುವ ಜಾಗವನ್ನು ಹುಡುಕುತ್ತದೆ. ನಮ್ಮ ಆಟದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು, ಎಸೆದ ಚೆಂಡು ಪುಟಿಯುವುದೇ ಇಲ್ಲ. ಆದರೆ ಈ ಮಕ್ಕಳ ಬ್ಯಾಟು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಮೈಭಾರ ಮೊದಲೇ ಮುಂಗಾಲಿಗೆ ಬಿದ್ದಿರುತ್ತದೆ. ಈ ಹುಡುಗಿ ಹೊಡೆದ ಹತ್ತರಲ್ಲಿ ಏಳೆಂಟು ಚೆಂಡು ನೆಲಕ್ಕೆ ಬಡಿದು ಉರುಳಿ ಪಿಚರ್ ಕೈ ಸೇರುತ್ತಿದ್ದವು. 43 ಅಡಿಯಿಂದ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದರೂ ಚೆಂಡು ಹೊಡೆಯುವವಳ ಮುಂದೆ ನೆಲದಲ್ಲಿರುವ ಪ್ಲೇಟ್ ಮುಟ್ಟಲು ಅರ್ಧ ಸೆಕೆಂಡಿನಷ್ಟೇ ಹಿಡಿಯುತ್ತದೆ. ಅಷ್ಟರಲ್ಲಿ ಹಳೆಯ ಅಭ್ಯಾಸ ತಿದ್ದಿಕೊಳ್ಳಲು ಯಾವ ಮಗುವಿಗೂ ಸಾಧ್ಯವಿಲ್ಲ. ಅದಕ್ಕೇ ಪಿಚಿಂಗ್ ನಿಲ್ಲಿಸಿದ್ದು.

ಇದಕ್ಕೆ ಮೊದಲು ಏನೇನು ಮಾಡಿ ಕೈಬಿಟ್ಟೆವು ಎಂಬುದನ್ನೂ ಹೇಳಬೇಕು. ಬೇವಿನ ಮರಕ್ಕೆ ಕಾಲುಚೀಲದಲ್ಲಿ ಚೆಂಡು ಕಟ್ಟಿ ತೂಗುಬಿಟ್ಟೆವು; ಅದು ಕ್ರಿಕೆಟ್ ಹೊಡೆತವನ್ನೇ ಇನ್ನಷ್ಟು ಗಟ್ಟಿ ಮಾಡಿತು. ಲಾರಿ ಟಯರಿಗೆ ಹೊಡೆಸಿದೆವು. ಮಣಿಕಟ್ಟು ನೋವು ಬಂತು, ಎರಡು ಸಾವಿರದ ಅಲ್ಯೂಮಿನಿಯಂ ಬ್ಯಾಟು ತಗ್ಗುಬಿತ್ತು. ಒದ್ದೆ ಟವೆಲ್ ಸುತ್ತಿದ ಬ್ಯಾಟು ಬೀಸಿಸಿದರೆ ಬರಿ ಬ್ಯಾಟು ಹಗುರ ಎನಿಸುತ್ತದೆ, ಆದರೆ ಬೀಸು ನಿಧಾನವಾಗುತ್ತದೆ. ಶಾಲೆಯ ಕಿಟ್‌ನಲ್ಲಿದ್ದ 34 ಇಂಚಿನ ಬ್ಯಾಟು ಅವಳಿಗೆ ಭಾರವೇ ಆಗಿತ್ತು. 30 ಇಂಚಿನ ಹಳೆಯದೊಂದನ್ನು ಎಂಟುನೂರಕ್ಕೋ ಒಂಬೈನೂರಕ್ಕೋ ಕೈಯಿಂದ ಹಾಕಿ ತಂದೆ. ಅರ್ಧ ಸಮಸ್ಯೆ ಅಲ್ಲೇ ಕಳೆಯಿತು.

ಪಿಚಿಂಗ್ ಬದಲು ಚೆಂಡನ್ನು ಟೀ ಮೇಲೆ, ಅಂದರೆ ಚೆಂಡು ಕೂರಿಸುವ ಸಣ್ಣ ಕಂಬದ ಮೇಲೆ, ಇಟ್ಟು ಹೊಡೆಸಿದೆ. ಆ ಟೀ ನಾನೇ ಮಾಡಿದ್ದು. ಪೇಂಟ್ ಡಬ್ಬಿಗೆ ಸಿಮೆಂಟ್ ತುಂಬಿ ಪಿವಿಸಿ ಪೈಪ್ ನಿಲ್ಲಿಸಿದೆ. ಎತ್ತರ ಹೊಂದಿಸಲು ಒಳಗೆ ಜಾರುವ ಸಣ್ಣ ಪೈಪ್, ಅದಕ್ಕೊಂದು ಮೊಳೆ. ತುದಿಗೆ ಪಂಕ್ಚರ್ ಅಂಗಡಿಯ ಸ್ಕೂಟರ್ ಟ್ಯೂಬಿನ ತುಂಡು. ಮಂಡಿಪೇಟೆಯ ಸಾಮಾನೆಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ನೆಟ್ ಬದಲು ಎಪಿಎಂಸಿಯಿಂದ ಹಳೆಯ ಗೋಣಿಚೀಲ ತಂದು ಹೊಲಿಸಿ ಪರದೆ ಕಟ್ಟಿದೆ. ಚೆಂಡು ಅಲ್ಲೇ ಸತ್ತು ಬೀಳುತ್ತದೆ, ಹೆಕ್ಕಲು ಓಡಾಟವಿಲ್ಲ.

ಇಡೀ ಕೆಲಸದ ತಿರುಳು ಇದು: ಚೆಂಡಿಗೆ ಸೀಮೆಸುಣ್ಣದ ಪುಡಿ ಸವರಿ ಟೀ ಮೇಲಿಟ್ಟೆ. ಪ್ರತಿ ಹೊಡೆತದ ನಂತರ ಇಬ್ಬರೂ ಬ್ಯಾಟನ್ನೇ ನೋಡುತ್ತಿದ್ದೆವು. ಮೊದಮೊದಲು ಬಿಳಿ ಗುರುತು ಹಿಡಿಕೆಯ ಕಡೆಗೆ, ಅದೂ ಬ್ಯಾಟಿನ ಕೆಳಮೈಗೆ ಬೀಳುತ್ತಿತ್ತು. ಎಂದರೆ ಚೆಂಡಿನ ನೆತ್ತಿಗೆ ಬಡಿಯುತ್ತಿದ್ದಳು. ಬಾಯಲ್ಲಿ ನೂರು ಸಲ ಹೇಳಿದರೂ ಒಪ್ಪದವಳು ಗುರುತು ಕಂಡೊಡನೆ ತಾನಾಗಿ ತಿದ್ದಿಕೊಂಡಳು. ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಸೊಂಟ ಮೊದಲು ತಾಯಿ, ಕೈ ಆಮೇಲೆ." ತಿಂಗಳು ಕಳೆಯುವಷ್ಟರಲ್ಲಿ ತುದಿಯಿಂದ ಐದಾರು ಇಂಚು ಒಳಗೆ, ಬ್ಯಾಟಿನ ನಡುಮೈಯಲ್ಲಿ, ದುಂಡನೆಯ ಗುರುತು ಮೂಡತೊಡಗಿತು, ಅದರೊಳಗೆ ಚೆಂಡಿನ ಹೊಲಿಗೆಯ ಗೆರೆಯೂ ಎದ್ದು ಕಾಣುತ್ತಿತ್ತು.

ನಡುವೆ ಅವಳ ತಂದೆ ಮೈದಾನಕ್ಕೇ ಬಂದರು. "ಸರ್, ಇಟ್ಟ ಚೆಂಡನ್ನು ಯಾರಾದರೂ ಹೊಡೆಯುತ್ತಾರೆ. ಈ ಆಟದಿಂದ ಮುಂದೇನು?" ಎಂದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳುತ್ತಿದೆ ಎಂದೆ. ನಂಬಲಿಲ್ಲ, ಆದರೆ ಮಗಳನ್ನು ಕಳಿಸುವುದನ್ನು ನಿಲ್ಲಿಸಲೂ ಇಲ್ಲ.

ಟೀ ಆದ ಮೇಲೆ ಪಕ್ಕದಿಂದ ಮೆಲ್ಲಗೆ ಎಸೆಯುವ ಹಂತ. ಒಳ್ಳೆಯ ಚೆಂಡೊಂದಕ್ಕೆ ನಾನೂರು ಐನೂರು ರೂಪಾಯಿ ಬೇಕು, ಈ ಅಭ್ಯಾಸಕ್ಕೆ ಬೇಕಾದಷ್ಟು ಚೆಂಡು ಎಲ್ಲಿಂದ ತರುವುದು? ನಮ್ಮೂರಿನಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಕಾಳು ಬಿಡಿಸಿದ ಬೆಂಡನ್ನು ತುಂಡು ಮಾಡಿ ಎಸೆದೆ. ಅದು ಗಾಳಿಯಲ್ಲಿ ಹೊರಳುತ್ತಾ ಬರುತ್ತದೆ, ಚೆಂಡಿಗಿಂತ ಸಣ್ಣದು, ಕಣ್ಣು ತಾನಾಗಿ ಹರಿತವಾಗುತ್ತದೆ. ಮಂಡಕ್ಕಿ ಉಂಡೆಯನ್ನೂ ಎಸೆದು ನೋಡಿದ್ದೇನೆ; ಒಡೆದು ಚೂರಾಗುತ್ತದೆ, ಉಪಯೋಗವಿಲ್ಲ. ಬೆಂಡಿನ ಜೊತೆಗೆ ಕಣ್ಣಿಗೆಂದೇ ನಾನು ಮಾಡಿಸುವ ಇನ್ನೊಂದು ಅಭ್ಯಾಸವಿದೆ. ಅದನ್ನು ಬರೆಯುವುದಿಲ್ಲ, ನನ್ನ ತಂಡಕ್ಕೂ ಮುಂದಿನ ವರ್ಷ ಪಂದ್ಯಗಳಿವೆ.

ಕೊನೆಗೆ ಪಿಚಿಂಗ್ ಮತ್ತೆ ಶುರು ಮಾಡಿದ್ದು 30 ಅಡಿಯಿಂದ, ಅರ್ಧ ವೇಗದಲ್ಲಿ. 40 ಅಡಿಗೆ ಬರುವ ಹೊತ್ತಿಗೆ ಹತ್ತಕ್ಕೆ ಐದಾರು ಚೆಂಡು ನೆಲ ಮುಟ್ಟದೆ ಹೋಗುತ್ತಿದ್ದವು.

ಹೊರಗಿನ ಚೆಂಡು, ಅಂದರೆ ಅವಳ ಮೈಯಿಂದ ದೂರಕ್ಕೆ ಬರುವುದು, ಇನ್ನೂ ಬಾಕಿ ಇದೆ. ಅದನ್ನೂ ಎಡಕ್ಕೇ ಎಳೆಯಲು ಹೋಗುತ್ತಾಳೆ. ಈಗ ಟೀಯನ್ನು ಪ್ಲೇಟಿನ ಹೊರ ಅಂಚಿಗೆ, ಮೊದಲಿಗಿಂತ ಅರ್ಧ ಅಡಿ ಹಿಂದಕ್ಕೆ ಸರಿಸಿದ್ದೇನೆ. ಗೋಣಿ ಪರದೆಯ ಬಲಭಾಗಕ್ಕೆ ಬಿದ್ದದ್ದು ಮಾತ್ರ ಲೆಕ್ಕಕ್ಕೆ.