ಋತುವಿನ ಆರಂಭದಲ್ಲಿ ಫಾರ್ಮುಲಾ ಒನ್ ಕಾರುಗಳನ್ನು ಹೋಲಿಸುವುದು ಹೇಗೆ?

ಮೊದಲ ರೇಸ್‌ನ ಫಲಿತಾಂಶವೊಂದನ್ನೇ ನೆಚ್ಚಿ ಕಾರುಗಳನ್ನು ಅಳೆಯಲಾಗದು. 2022ರ ಮೊದಲ ರೇಸ್ ಆದ ಬಹ್ರೇನ್‌ನಲ್ಲಿ ರೆಡ್ ಬುಲ್ ತಂಡದ ಎರಡೂ ಕಾರುಗಳು ಕೊನೆಯ ಲ್ಯಾಪ್‌ಗಳಲ್ಲಿ (ಟ್ರ್ಯಾಕ್‌ನ ಸುತ್ತುಗಳಲ್ಲಿ) ಕೈಕೊಟ್ಟು ತಂಡಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಅದೇ ಕಾರಿನಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ಆ ವರ್ಷ 15 ರೇಸ್ ಗೆದ್ದರು.

ಋತುಪೂರ್ವ ಪರೀಕ್ಷೆಯ ಸಮಯಗಳನ್ನು ಮೊದಲೇ ಬದಿಗಿಡಿ. ಹತ್ತು ಕೆಜಿ ಹೆಚ್ಚುವರಿ ಇಂಧನವು ಒಂದು ಲ್ಯಾಪ್‌ಗೆ ಸುಮಾರು 0.3 ಸೆಕೆಂಡ್ ನುಂಗುತ್ತದೆ, ಆದರೆ ಯಾರ ಟ್ಯಾಂಕಿನಲ್ಲಿ ಎಷ್ಟಿತ್ತು ಎಂಬುದನ್ನು ತಂಡಗಳು ಬಿಟ್ಟುಕೊಡುವುದಿಲ್ಲ.

ಬಳಿಕ ರೇಸ್‌ನ ಆರಂಭದ ಸ್ಥಾನಗಳನ್ನು ನಿರ್ಧರಿಸುವ ಅರ್ಹತಾ ಸುತ್ತಿಗೆ ಬನ್ನಿ. ಪ್ರತಿ ತಂಡದ ಇಬ್ಬರು ಚಾಲಕರಲ್ಲಿ ವೇಗಿಯ ಸಮಯವನ್ನಷ್ಟೇ ತೆಗೆದುಕೊಂಡು, ಅತಿ ವೇಗದ ಲ್ಯಾಪ್‌ಗಿಂತ ಅದು ಎಷ್ಟು ಹಿಂದಿದೆ ಎಂಬುದನ್ನು ಶೇಕಡಾವಾರು ಬರೆದುಕೊಳ್ಳಿ. 0.3 ಸೆಕೆಂಡಿನ ಅಂತರವು ಸುಮಾರು 89 ಸೆಕೆಂಡಿನ ಬಹ್ರೇನ್ ಲ್ಯಾಪ್‌ನಲ್ಲಿ ಶೇ 0.34 ಆದರೆ, 76 ಸೆಕೆಂಡಿನ ಮೆಲ್ಬರ್ನ್ ಲ್ಯಾಪ್‌ನಲ್ಲಿ ಶೇ 0.39 ಆಗುತ್ತದೆ. ಮಳೆ ಬಂದಿದ್ದರೆ ಆ ಅಂಕಿಗಳನ್ನು ಕೈಬಿಡುವುದು ಲೇಸು.

ನಿಜವಾದ ಕೆಲಸವಿರುವುದು ರೇಸ್ ವೇಗದ ಲೆಕ್ಕದಲ್ಲಿ. ಮೊದಲ ಲ್ಯಾಪ್, ಟೈರ್ ಬದಲಿಸಲು ಪಿಟ್‌ಗೆ ಹೋದ ಹಾಗೂ ಅಲ್ಲಿಂದ ಹೊರಬಂದ ಲ್ಯಾಪ್‌ಗಳು, ಅಪಘಾತದಂಥ ಸಂದರ್ಭದಲ್ಲಿ ಎಲ್ಲರನ್ನೂ ನಿಧಾನಿಸುವ ಸೇಫ್ಟಿ ಕಾರ್ ಇದ್ದ ಅವಧಿ, ಮುಂದಿನ ಕಾರಿನ ಬಾಲಕ್ಕೆ ಅಂಟಿಕೊಂಡು ಓಡಿದ ಲ್ಯಾಪ್‌ಗಳು ಇವನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವುದು ಸ್ವಲ್ಪವೇ, ಆದರೆ ನಂಬಬಹುದಾದದ್ದು ಅದೇ. ಒಂದೇ ಬಗೆಯ, ಹೆಚ್ಚುಕಡಿಮೆ ಅಷ್ಟೇ ಲ್ಯಾಪ್ ಓಡಿದ ಟೈರ್‌ಗಳಲ್ಲಿನ ಸಮಯಗಳನ್ನು ಮಾತ್ರ ಎದುರುಬದುರು ಇಡಿ. ಬಹ್ರೇನ್‌ನ 57 ಲ್ಯಾಪ್‌ಗಳಲ್ಲಿ ಸುಮಾರು 100 ಕೆಜಿ ಇಂಧನ ಉರಿಯುತ್ತದೆ ಎಂದಿಟ್ಟುಕೊಂಡರೆ, ಭಾರ ಇಳಿದಷ್ಟೂ ಕಾರು ಪ್ರತಿ ಲ್ಯಾಪ್‌ಗೆ ಅಂದಾಜು 0.05 ಸೆಕೆಂಡ್ ವೇಗ ಪಡೆಯಬೇಕು. ಹಾಗಾಗಿ ಲ್ಯಾಪ್ ಸಮಯ ಬದಲಾಗದೆ ನಿಂತಿದೆ ಎಂದರೆ ಸಾಮಾನ್ಯವಾಗಿ ಟೈರ್ ಸವೆದು ಆ ಲಾಭವನ್ನು ತಿಂದುಹಾಕುತ್ತಿದೆ ಎಂದರ್ಥ. ಚಾಲಕ ಬೇಕೆಂದೇ ನಿಧಾನಿಸಿದ್ದೂ ಇರಬಹುದು, ವಿಶೇಷವಾಗಿ ಮುನ್ನಡೆಯಲ್ಲಿ ನಿರಾಳವಾಗಿರುವವರು.

ಇದೇ ಲೆಕ್ಕವನ್ನು ನಾಲ್ಕೈದು ಟ್ರ್ಯಾಕ್‌ಗಳಲ್ಲಿ ಮಾಡಿ. ಬಹ್ರೇನ್‌ನ ಒರಟು ಡಾಂಬರು ಹಿಂದಿನ ಟೈರ್‌ಗಳನ್ನು ಸವೆಸಿದರೆ, ಜಪಾನಿನ ಸುಜುಕಾದ ವೇಗದ ತಿರುವುಗಳು ಡೌನ್‌ಫೋರ್ಸ್ ಅನ್ನು (ಗಾಳಿಯು ಕಾರನ್ನು ನೆಲಕ್ಕೆ ಒತ್ತುವ ಬಲವನ್ನು) ಪರೀಕ್ಷಿಸುತ್ತವೆ. ಒಂದರಲ್ಲಿ ಮೆರೆದ ಕಾರು ಇನ್ನೊಂದರಲ್ಲಿ ತಡವರಿಸಬಹುದು.

ಯಾವುದೇ ತಂಡ ಹೊಸ ಬಿಡಿಭಾಗಗಳ ದೊಡ್ಡ ಕಂತನ್ನು ತಂದಾಗ ಹಳೆಯ ಅಂಕಿಗಳ ಜೊತೆ ಹೊಸದನ್ನು ಬೆರೆಸದೆ ಬೇರೆ ಕೋಷ್ಟಕ ತೆರೆಯಿರಿ. 2024ರ ಬಹ್ರೇನ್‌ನಲ್ಲಿ ವರ್ಸ್ಟಾಪನ್ 22 ಸೆಕೆಂಡ್‌ಗಳಿಂದ ಗೆದ್ದಾಗ ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ ಆರನೆಯವರಾಗಿದ್ದರು. ಮೇ ತಿಂಗಳಲ್ಲಿ ಮಯಾಮಿಗೆ ಸುಧಾರಿತ ಕಾರು ಬಂದ ವಾರಾಂತ್ಯದಲ್ಲೇ ಅವರು ತಮ್ಮ ಮೊದಲ ರೇಸ್ ಗೆದ್ದರು, ವರ್ಷದ ಕೊನೆಗೆ ತಂಡಗಳ ಪ್ರಶಸ್ತಿಯೂ ಮೆಕ್‌ಲಾರೆನ್ ಪಾಲಾಯಿತು.