ಆಡಿಟ್‌ನಿಂದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ: ನಡುವೆ ಒಂದು ಮೆಟ್ಟಿಲು
ಆಡಿಟ್‌ನಲ್ಲಿರುವವರು ನೇರ ಇನ್ವೆಸ್ಟ್‌ಮೆಂಟ್ ಬ್ಯಾಂಕಿಗೆ (ಕಂಪನಿಗಳ ಖರೀದಿ-ಮಾರಾಟ, ಬಂಡವಾಳ ಸಂಗ್ರಹ ನಡೆಸಿಕೊಡುವ ಸಂಸ್ಥೆ) ಅರ್ಜಿ ಹಾಕುವ ಮೊದಲು ನಿಮ್ಮ ಸಂಸ್ಥೆಯಲ್ಲೇ ಡ್ಯೂ ಡಿಲಿಜೆನ್ಸ್ (ಕಂಪನಿಯನ್ನು ಕೊಳ್ಳುವ ಮೊದಲು ಅದರ ಹಣಕಾಸು ಪರಿಶೀಲನೆ) ತಂಡವಿದ್ದರೆ ಅಲ್ಲಿಗೆ ವರ್ಗ ಕೇಳಿ. ಆಡಿಟ್ ನೋಡುವುದು ಹಿಂದಿನ ಲೆಕ್ಕ ಸರಿಯಿದೆಯೇ ಎಂದು. ಇಲ್ಲಿ ನೋಡುವುದು ಆ ಲಾಭ ಮುಂದೆಯೂ ನಿಲ್ಲುವಂಥದ್ದೇ ಎಂದು. ಒಮ್ಮೆ ಮಾತ್ರ ಬಂದ ಆದಾಯ, ಮಾಲೀಕರ ಸ್ವಂತ ಖರ್ಚು ಎಲ್ಲ ಸರಿಪಡಿಸಿದ ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ), ದುಡಿಯುವ ಬಂಡವಾಳ, ನಿವ್ವಳ ಸಾಲ: ಬೆಲೆಯ ಚೌಕಾಸಿ ಹೆಚ್ಚಾಗಿ ನಡೆಯುವುದು ಇವುಗಳ ಮೇಲೆಯೇ. ಸಂದರ್ಶನದಲ್ಲಿ "ಇಷ್ಟು ಕಂಪನಿ ಆಡಿಟ್ ಮಾಡಿದೆ" ಎನ್ನುವುದಕ್ಕಿಂತ "ಈ ಒಂದು ಹೊಂದಾಣಿಕೆಯಿಂದ ಬೆಲೆ ಇಳಿಯಿತು" ಎನ್ನುವ ಮಾತಿಗೆ ತೂಕ ಜಾಸ್ತಿ (ಕಂಪನಿಯ ಹೆಸರು ಮಾತ್ರ ಬಾಯಿ ಬಿಡಬೇಡಿ). ಆದರೆ ಹಣಕಾಸು ಮಾಡೆಲಿಂಗ್ (ಕಂಪನಿಯ ಮುಂದಿನ ಲೆಕ್ಕವನ್ನು ಅಂದಾಜಿಸುವ ಕೆಲಸ) ಡ್ಯೂ ಡಿಲಿಜೆನ್ಸ್ ತಂಡದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಡಿಸಿಎಫ್ (ಮುಂದೆ ಬರುವ ನಗದಿನಿಂದ ಕಂಪನಿಯ ಇಂದಿನ ಮೌಲ್ಯ ಕಟ್ಟುವ ಲೆಕ್ಕ), ಎಲ್‌ಬಿಒ (ಹೆಚ್ಚಾಗಿ ಸಾಲದಿಂದ ಕಂಪನಿ ಕೊಳ್ಳುವ ಲೆಕ್ಕ) ಮಾಡೆಲ್‌ಗಳನ್ನು ಎಕ್ಸೆಲ್‌ನಲ್ಲಿ ನೀವೇ ಕಟ್ಟಿ ಪಳಗಬೇಕು. ನೇರ ಪ್ರೈವೇಟ್ ಈಕ್ವಿಟಿಗೆ (ಹೂಡಿಕೆದಾರರ ಹಣದಿಂದ ಕಂಪನಿ ಕೊಂಡು ಮಾರುವ ಸಂಸ್ಥೆಗಳು) ಹಾರಲು ಈ ದಾರಿ ಸಾಲದೆಯೂ ಹೋಗಬಹುದು, ಅಲ್ಲಿ ಹೆಚ್ಚಾಗಿ ಬ್ಯಾಂಕಿಂಗ್ ಮಾಡಿ ಬಂದವರನ್ನೇ ತೆಗೆದುಕೊಳ್ಳುತ್ತಾರೆ.